ಸೈ ಯಂಗ್ ಹಿಂದೆ ಬಿದ್ದು ಒಹಾಯೋದಿಂದ ಬಾಸ್ಟನ್ ತನಕ

ಗುರುವಾರ: ಕೊಲಂಬಸ್, ನ್ಯೂಕಮರ್ಸ್‌ಟೌನ್, ಪಿಯೋಲಿ

ಬೆಳಗ್ಗೆ ಏಳಕ್ಕೆ ಹೊರಡೋಣ ಅಂದಿದ್ದು ಒಂಬತ್ತೂವರೆ ಆಯ್ತು. ಪುಳಿಯೋಗರೆ ಡಬ್ಬಿ ಕೈಗೆ ಬರೋ ತನಕ ಕಾರ್ ಸ್ಟಾರ್ಟ್ ಮಾಡಲ್ಲ ಅಂತ ಭಾವ ಕೂತ್ಬಿಟ್ರು. ನಾನು, ಭಾವ, ಅಕ್ಕನ ಮಗ, ಮೂರೇ ಜನ. ಯಾವತ್ತೋ ಸತ್ತ ಬೌಲರ್ ಸಮಾಧಿ ನೋಡೋಕೆ ನಾನು ರಜಾ ಹಾಕಲ್ಲಪ್ಪ ಅಂತ ಅಕ್ಕ ಕೈ ತೊಳ್ಕೊಂಡ್ಲು.

ಈ ಟ್ರಿಪ್ ಪೂರ್ತಿ ಹುಡುಗಂದೇ ಹಟ. ಹನ್ನೊಂದು ವರ್ಷ, ಲಿಟ್ಲ್ ಲೀಗ್ ಬೇಸ್‌ಬಾಲ್‌ನಲ್ಲಿ ಪಿಚರ್, ಊಟಕ್ಕೆ ಕೂತ್ರೂ ಎಡಗೈಲಿ ಒಂದು ಬಾಲ್ ಹಿಡ್ಕೊಂಡೇ ಇರ್ತಾನೆ. ಸ್ಕೂಲ್ ರಜೆ, ಭಾವಂಗೂ ಆಫೀಸಿಂದ ಲೀವ್ ಸಿಕ್ತು, ನಾನು ಹೆಂಗೂ ಮೈಸೂರಿಂದ ಬಂದು ಸೋಫಾ ಮೇಲೆ ಬಿದ್ಕೊಂಡಿದ್ದೆ. ಸರಿ ನಡೀರಿ ಅಂತ ಹೊರಟ್ವಿ.

ಬೇಸ್‌ಬಾಲ್ ನೋಡದೇ ಇರೋರಿಗೆ ಒಂದೆರಡು ಮಾತು. ಪಿಚರ್ ಅಂದ್ರೆ ಮಧ್ಯದ ಮಣ್ಣಿನ ದಿಬ್ಬದ ಮೇಲೆ ನಿಂತು ಬ್ಯಾಟ್ಸ್‌ಮನ್‌ಗೆ ಬಾಲ್ ಎಸೆಯೋನು. ಆಟದ ಗೆಲುವು ಸೋಲು ಎರಡೂ ಟೀಮಿನ ಜೊತೆ ಒಬ್ಬ ಪಿಚರ್ ಹೆಸರಿಗೂ ಜಮಾ ಆಗುತ್ತೆ, ಅದೊಂದು ಹಳೇ ಲೆಕ್ಕದ ಪದ್ಧತಿ. ಆ ಲೆಕ್ಕದಲ್ಲಿ ಡೆಂಟನ್ ಟ್ರೂ ಯಂಗ್, ಎಲ್ಲರ ಬಾಯಲ್ಲಿ ಸೈ ಯಂಗ್, 1890ರಿಂದ 1911ರ ತನಕ ಆಡಿ 511 ಗೆಲುವು ಮಾಡಿದ. ಎರಡನೇ ಸ್ಥಾನದ ವಾಲ್ಟರ್ ಜಾನ್ಸನ್ ನಿಂತಿರೋದು 417ರಲ್ಲಿ. ಈಗ್ಲೂ ವರ್ಷಾವರ್ಷ ಅಮೆರಿಕದ ಎರಡು ದೊಡ್ಡ ಲೀಗಲ್ಲೂ ಒಬ್ಬೊಬ್ಬ ಬೆಸ್ಟ್ ಪಿಚರ್‌ಗೆ ಕೊಡೋ ಅವಾರ್ಡ್ ಇವನ ಹೆಸರಲ್ಲೇ ಇದೆ. ಇಷ್ಟು ನಂಗೂ ಗೊತ್ತಿತ್ತು. ಕಾರಲ್ಲಿ ಹುಡುಗ ಇನ್ನೊಂದು ಹೇಳ್ದ: "ಮಾಮ, ಜಾಸ್ತಿ ಸೋತಿರೋದೂ ಅವ್ನೇ. 315." ಗೆದ್ದಿದ್ದರಲ್ಲೂ ಫಸ್ಟು, ಸೋತಿದ್ದರಲ್ಲೂ ಫಸ್ಟು! ನಂಗೆ ಈ ಮನುಷ್ಯನ ಮೇಲೆ ನಿಜವಾಗ್ಲೂ ಆಸಕ್ತಿ ಹುಟ್ಟಿದ್ದು ಅಲ್ಲಿಂದ. ಹೋದ ಕಡೆ ಎಲ್ಲಾ ಆ 315 ಎಲ್ಲಾದ್ರೂ ಬರ್ದಿದಾರಾ ಅಂತ ನೋಡೋದೇ ಚಟ ಆಗೋಯ್ತು.

ನ್ಯೂಕಮರ್ಸ್‌ಟೌನ್ ನಾಲ್ಕು ಸಾವಿರ ಜನಾನೂ ಇಲ್ಲದ ಊರು. ಕಾಲುವೆಲಿ ದೋಣಿ ಓಡ್ತಿದ್ದ ಕಾಲದ ಒಂದು ಛತ್ರ ಇದೆ, 1841ರದ್ದು, ಟೆಂಪರೆನ್ಸ್ ಟ್ಯಾವರ್ನ್ ಅಂತ, ಅಂದ್ರೆ ಹೆಂಡ ಮಾರದ ಛತ್ರ. ಈಗ ಅದೇ ಊರಿನ ಮ್ಯೂಸಿಯಂ, ಸೈ ಯಂಗ್ ಸಾಮಾನುಗಳನ್ನೂ ಅಲ್ಲೇ ಇಟ್ಟಿದಾರೆ. ಭಾವ ಮಾತ್ರ ಒಹಾಯೋ ಸ್ಟೇಟ್ ಫುಟ್ಬಾಲ್ ಕೋಚ್ ವುಡಿ ಹೇಯ್ಸ್ ಬೆಳೆದಿದ್ದೂ ಇದೇ ಊರಲ್ಲಿ ಅಂತ ಗೊತ್ತಾದ್ಮೇಲೆ ನಮ್ಮ ಕಡೆ ತಿರುಗಿಯೂ ನೋಡ್ಲಿಲ್ಲ, ಅವನ ಫೋಟೋ ಮುಂದೆನೇ ಬೇರು ಬಿಟ್ರು.

ಮಧ್ಯಾಹ್ನ ಅಲ್ಲಿನ ಪಾರ್ಕಲ್ಲಿ ಪುಳಿಯೋಗರೆ ತಿಂದ್ವಿ, ಪಾರ್ಕ್ ಹೆಸರೂ ಸೈ ಯಂಗೇ, ಆಮೇಲೆ ಗುಡ್ಡದ ರಸ್ತೆ ಹಿಡಿದ್ವಿ. ಏರು, ಇಳಿತ, ಮತ್ತೆ ಏರು, ಜೋಳದ ಹೊಲ, ಹುಲ್ಲು, ಮಧ್ಯೆ ಕುದುರೆಗಾಡಿ ಓಡಿಸೋ ಆಮಿಶ್ ಜನ, ಅವರ ಹಿಂದೆ ನಾವು ಸೆಕೆಂಡ್ ಗೇರಲ್ಲಿ. ಈ ಕಡೆಯ ಗಿಲ್ಮೋರ್ ಅನ್ನೋ ಹಳ್ಳೀಲಿ 1867ರಲ್ಲಿ ಅವನು ಹುಟ್ಟಿದ್ದು, ಐದು ಮಕ್ಕಳಲ್ಲಿ ಹಿರಿಯವನು, ಆರನೇ ಕ್ಲಾಸಿಗೆ ಸ್ಕೂಲ್ ಮುಗೀತು, ಆಮೇಲೆ ಸೌದೆ ಒಡೆಯೋದು, ಹೊಲ, ದನ. ತನ್ನ ತೋಳಿನ ಗಟ್ಟಿತನಕ್ಕೆ ಈ ಕೆಲಸಾನೇ ಕಾರಣ ಅಂತ ಮುದುಕ ಆದ್ಮೇಲೂ ಹೇಳ್ತಿದ್ದನಂತೆ, ಸೀಸನ್ ಮುಗಿದ ತಕ್ಷಣ ವಾಪಸ್ ಬಂದು ಚಳಿಗಾಲ ಪೂರ್ತಿ ಕೊಡಲಿ ಹಿಡೀತಿದ್ದ. ಆಗ ಜಿಮ್ ಎಲ್ಲಿತ್ತು.

ಪಿಯೋಲಿ ಅಂದ್ರೆ ಒಂದು ಚರ್ಚು, ಪಕ್ಕದಲ್ಲಿ ಸ್ಮಶಾನ, ನಾಲ್ಕಾರು ಮನೆ. ಬೋರ್ಡ್ ನೋಡ್ಕೊಂಡು ಹುಡುಕೋ ಅಗತ್ಯ ಏನಿಲ್ಲ, ಯಾವ ಸಮಾಧಿ ಮೇಲೆ ಬೇಸ್‌ಬಾಲ್ ಬಿದ್ದಿದಾವೋ ಅದೇ. ಕಲ್ಲಲ್ಲಿ ರೆಕ್ಕೆ ಇರೋ ಒಂದು ಬಾಲ್ ಕೆತ್ತಿದಾರೆ. ಜನ ಬಂದು ಬಾಲ್, ಚಿಲ್ಲರೆ ಕಾಸು ಇಟ್ಟು ಹೋಗಿದಾರೆ. ಒಂದು ಬಾಲ್ ಎಷ್ಟು ಮಳೆ ತಿಂದಿತ್ತು ಅಂದ್ರೆ ಕೆಂಪು ಹೊಲಿಗೆ ಬಿಟ್ಟು ಚರ್ಮ ಸಿಪ್ಪೆ ತರ ಮೇಲೆದ್ದು ಒಳಗಿನ ಬೂದು ನೂಲು ಕಾಣ್ತಿತ್ತು, ನೂಲಿನ ಮೇಲೆ ಇರುವೆ ಸಾಲು. ಹುಡುಗ ಅದನ್ನ ಎತ್ಕೊಂಡು ತಿರುಗಿಸಿ ನೋಡಿ ಇದ್ದ ಜಾಗದಲ್ಲೇ ಇಟ್ಟ, ತನ್ನ ಬ್ಯಾಗಿಂದ ಹೊಸದೊಂದು ತೆಗೆದು ಪಕ್ಕದಲ್ಲಿಟ್ಟ. "ಏನೋ, ಹದಿನೈದು ಡಾಲರ್ ಬಾಲು" ಅಂದ್ರು ಭಾವ. "ಪಪ್ಪ, ಪ್ಲೀಸ್" ಅಂದ ಅವನು.

ಪಕ್ಕದಲ್ಲೇ ಹೆಂಡತಿ ರಾಬಾ. ಇದೇ ಸೀಮೆ ಹುಡುಗಿ, 1892ರಲ್ಲಿ ಮದುವೆ. ಆಕೆ ಹೋದ್ಮೇಲೆ ಯಂಗ್ ಹೊಲ ಬಿಟ್ಟು ಪರಿಚಯದ ಒಂದು ಕುಟುಂಬದ ಜೊತೆ ಇದ್ದು, 1955ರ ನವೆಂಬರ್‌ನಲ್ಲಿ, 88ನೇ ವಯಸ್ಸಲ್ಲಿ ತೀರ್ಕೊಂಡ. ಅವಾರ್ಡ್ ಶುರುವಾಗಿದ್ದು ಮಾರನೇ ವರ್ಷ. ಕಲ್ಲಿನ ಮೇಲೆ 511 ಇದೆ. 315 ಇಲ್ಲ. ಸರಿ ಬಿಡಿ, ಸಮಾಧಿ ಕಲ್ಲಿನ ಮೇಲೆ ಯಾರು ತಾನೇ ಸೋಲು ಕೆತ್ತಿಸ್ತಾರೆ.

ಶುಕ್ರವಾರ: ಕ್ಯಾಂಟನ್, ಕ್ಲೀವ್‌ಲ್ಯಾಂಡ್

ರಾತ್ರಿ ಕ್ಯಾಂಟನ್‌ನ ಒಂದು ಮೋಟೆಲಲ್ಲಿ ಉಳ್ಕೊಂಡ್ವಿ. ಎಸಿ ಲಾರಿ ತರ ಸೌಂಡ್ ಮಾಡ್ತಿತ್ತು, ನಿದ್ದೆ ಅಷ್ಟಕ್ಕಷ್ಟೆ. ಕ್ಯಾಂಟನ್‌ಗೆ ಎಲ್ಲರೂ ಹೋಗೋದು ಫುಟ್ಬಾಲ್ ಹಾಲ್ ಆಫ್ ಫೇಮ್‌ಗೆ, ಅಂದ್ರೆ ದೊಡ್ಡ ದೊಡ್ಡ ಆಟಗಾರರ ಮ್ಯೂಸಿಯಂಗೆ, ಭಾವ ಆಸೆಯಿಂದ ನೋಡಿದ್ರು, ನಾವು ನೋಡಿದ್ರೂ ನೋಡದ ಹಾಗೆ ಕೂತ್ವಿ, ಕೊನೆಗೆ ಹೊರಗಡೆ ಒಂದು ಫೋಟೋ ತೆಗೆಸ್ಕೊಂಡು ಸಮಾಧಾನ ಆದ್ರು. ನಮಗೆ ಕ್ಯಾಂಟನ್ ಬೇಕಾಗಿದ್ದು 1890ಕ್ಕೆ. ಹಳ್ಳಿಯಿಂದ ಬಂದ ಎತ್ತರದ ಹುಡುಗ ಇಲ್ಲಿನ ಟೀಮಿಗೆ ಟ್ರಯಲ್ ಕೊಡೋವಾಗ ಮರದ ಬೇಲಿಗೆ ಬಾಲ್ ಹೊಡೆದು ಹೊಡೆದು ಹಲಗೆ ಎಲ್ಲಾ ಕಿತ್ತೋಗಿ ಸೈಕ್ಲೋನ್ ಬಡಿದ ಹಾಗಾಯ್ತಂತೆ, ಆ ಸೈಕ್ಲೋನೇ ಪೇಪರ್‌ನೋರ ಕೈಲಿ ಸೈ ಆಯ್ತು ಅನ್ನೋದು ಎಲ್ಲರೂ ಹೇಳೋ ಕಥೆ. ಅದೇ ವರ್ಷದ ಮಧ್ಯದಲ್ಲೇ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಅವನನ್ನ ಕೊಂಡ್ಕೊಂಡ್ರು. ಆಗಸ್ಟ್ 6ಕ್ಕೆ ಮೊದಲ ಆಟ, ಎದುರಿಗೆ ಕ್ಯಾಪ್ ಆನ್ಸನ್‌ನ ಶಿಕಾಗೋ ಟೀಮು, ಮೂರೇ ಹಿಟ್ ಕೊಟ್ಟು (ಹಿಟ್ ಅಂದ್ರೆ ಬ್ಯಾಟ್ಸ್‌ಮನ್ ಬಾಲ್ ಹೊಡೆದು ಬೇಸ್ ತಲುಪೋದು) 8-1ರಲ್ಲಿ ಗೆಲ್ಲಿಸಿದ.

ಹನ್ನೊಂದಕ್ಕೆಲ್ಲಾ ಕ್ಲೀವ್‌ಲ್ಯಾಂಡ್. ಈಸ್ಟ್ 66ನೇ ಬೀದಿ ಮತ್ತು ಲೆಕ್ಸಿಂಗ್ಟನ್ ಅವೆನ್ಯೂ ಕೂಡೋ ಮೂಲೇಲಿ ಲೀಗ್ ಪಾರ್ಕ್. ಹಳೇ ಸ್ಟೇಡಿಯಂ ಹೋಗಿ ಎಷ್ಟೋ ಕಾಲ ಆಯ್ತು, ಆದ್ರೆ ಇಟ್ಟಿಗೆ ಕಟ್ಟಡದ ಟಿಕೆಟ್ ಆಫೀಸು ಹಾಗೇ ಇದೆ, ಒಳಗೆ ಪುಟ್ಟ ಬೇಸ್‌ಬಾಲ್ ಮ್ಯೂಸಿಯಂ, ಹಿಂದೆ 2014ರಲ್ಲಿ ಹೊಸದಾಗಿ ಹುಲ್ಲುಹಾಸು ಹಾಕಿ ರೆಡಿ ಮಾಡಿದ ಮೈದಾನ. ಹುಲ್ಲು ಪ್ಲಾಸ್ಟಿಕ್ಕು, ಆದ್ರೆ ಹೋಮ್ ಪ್ಲೇಟ್, ಅಂದ್ರೆ ಬ್ಯಾಟ್ಸ್‌ಮನ್ ನಿಲ್ಲೋ ಕಡೆಯ ಗುರುತು, ಹಳೇ ಜಾಗದಲ್ಲೇ. ಟ್ರಾಮ್ ಕಂಪನಿ ನಡೆಸ್ತಿದ್ದ ಫ್ರಾಂಕ್ ರಾಬಿಸನ್ ಅನ್ನೋನೇ ಟೀಮ್ ಓನರ್ರೂ ಆಗಿದ್ದ, ಟ್ರಾಮ್ ಓಡೋ ಜಾಗದಲ್ಲೇ ಗ್ರೌಂಡ್ ಕಟ್ಟಿಸ್ದ, ಆಟಕ್ಕೂ ದುಡ್ಡು ಟ್ರಾಮಿಗೂ ದುಡ್ಡು. ಬುದ್ಧಿವಂತ. 1891ರ ಮೇ 1ಕ್ಕೆ ಇಲ್ಲಿ ಮೊದಲ ಆಟ, ಪಿಚರ್ ಯಂಗ್, ಸಿನ್ಸಿನಾಟಿ ಮೇಲೆ 12-3 ಗೆಲುವು. ಹತ್ತೊಂಬತ್ತು ವರ್ಷ ಆದ್ಮೇಲೆ 1910ರಲ್ಲಿ ಮರದ ಸ್ಟ್ಯಾಂಡ್ ಎಲ್ಲಾ ಕಿತ್ತು ಕಾಂಕ್ರೀಟ್, ಸ್ಟೀಲಲ್ಲಿ ಕಟ್ಟಿದ್ರು, ಆಗ್ಲೂ ಓಪನಿಂಗ್ ಆಟಕ್ಕೆ ಪಿಚರ್ ಅದೇ ಯಂಗ್! ಡೆಟ್ರಾಯಿಟ್ ಎದುರು 5-0 ಸೋಲು. 315ರಲ್ಲಿ ಒಂದು ಸಿಕ್ತು ನೋಡೋ ಅಂದೆ, ಹುಡುಗ ಫೋನಲ್ಲಿ ಬರ್ಕೊಂಡ.

ಮೈದಾನದಲ್ಲಿ ಯಾವುದೋ ಮಕ್ಕಳ ಟೀಮ್ ಪ್ರಾಕ್ಟೀಸ್ ಮಾಡ್ತಿತ್ತು, ಬೇಲಿ ಹಿಡ್ಕೊಂಡು ನಿಂತ್ವಿ. ಒಬ್ಬ ಅಪ್ಪ ಕೈಲಿ ಒಂದು ಕ್ಲಿಕ್ಕರ್ ಹಿಡ್ಕೊಂಡು ಬಾಲ್ ಬಿದ್ದಾಗೆಲ್ಲಾ ಟಕ್ ಟಕ್ ಅನ್ನಿಸ್ತಿದ್ದ. ಅದು ಪಿಚ್ ಕೌಂಟ್. ಲಿಟ್ಲ್ ಲೀಗಲ್ಲಿ ಇವನ ವಯಸ್ಸಿನೋರು ದಿನಕ್ಕೆ 85 ಬಾಲ್ ಮೇಲೆ ಎಸೆಯೋ ಹಾಗಿಲ್ಲ, 66 ಮುಟ್ಟಿದ್ರೆ ನಾಲ್ಕು ದಿನ ರೆಸ್ಟ್ ಕೊಡ್ಲೇಬೇಕು. ಮೊಣಕೈ ಹಾಳಾಗುತ್ತೆ ಅಂತ. ಯಂಗ್ 1892ರಲ್ಲಿ 36 ಆಟ ಗೆದ್ದ ಮನುಷ್ಯ, ಒಂದು ಸೀಸನ್‌ಗೆ 30ರ ಮೇಲೆ ಗೆದ್ದಿದ್ದು ಐದು ಸಲ, ಶುರು ಮಾಡಿದ 815 ಆಟದಲ್ಲಿ 749 ತಾನೇ ಕೊನೆ ತನಕ ಎಸೆದು ಮುಗಿಸಿದಾನೆ. ಈಗಿನ ಪಿಚರ್ ಒಂಬತ್ತು ಇನಿಂಗ್ಸಿನ ಆಟದಲ್ಲಿ ಐದಾರು ಇನಿಂಗ್ಸ್ ಎಸೆದು ಐಸ್ ಕಟ್ಕೊಂಡು ಕೂರ್ತಾನೆ, ಒಂದು ಸೀಸನ್‌ಗೆ 30 ಗೆಲುವು ಕೊನೇ ಸಲ ಕಂಡಿದ್ದು 1968ರಲ್ಲಿ, ಡೆನ್ನಿ ಮೆಕ್ಲೇನ್ ಅನ್ನೋನ ಕೈಲಿ. ಹಾಗಾಗಿ 511 ಮುರಿಯಲ್ಲ. ಇದರಲ್ಲಿ ಯಂಗ್ ದೊಡ್ಡವನು ಅನ್ನೋದು ಅರ್ಧ, ಆಟಾನೇ ಬದಲಾಗಿದೆ ಅನ್ನೋದು ಇನ್ನರ್ಧ. ಈ ಮಾತು ಹೇಳಿದ್ದಕ್ಕೆ ಹುಡುಗಂಗೆ ಸಿಟ್ಟು ಬಂತು.

ಸಿಟ್ಟಿಗೂ ನ್ಯಾಯ ಇದೆ. 1893ರಲ್ಲಿ ಪಿಚರ್‌ನ ಹಿಂದಕ್ಕೆ ತಳ್ಳಿ ಹೋಮ್ ಪ್ಲೇಟಿಂದ 60 ಅಡಿ 6 ಇಂಚು ದೂರ ನಿಲ್ಲಿಸಿದ್ರು, ಇವತ್ತಿಗೂ ಅದೇ ಅಳತೆ. ಯಂಗ್, ಆಮೋಸ್ ರೂಸಿ ತರದೋರ ಸ್ಪೀಡ್ ತಡೆಯೋಕೆ ಆಗ್ದೇ ಮಾಡಿದ್ದು ಅಂತಾರೆ. ಯಂಗ್‌ನ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ತರ) ಚೀಫ್ ಝಿಮ್ಮರ್ ಕೈ ಊದಿಕೊಳ್ಳುತ್ತೆ ಅಂತ ಗ್ಲೌಸ್ ಒಳಗೆ ದನದ ಮಾಂಸದ ತುಂಡು ಇಟ್ಕೋತಿದ್ದನಂತೆ. (ಇದನ್ನ ಕೇಳಿ ಭಾವ ಮುಖ ಹಿಂಡಿದ್ರು.) ದೂರ ಜಾಸ್ತಿ ಆದ್ಮೇಲೆ ಎಷ್ಟೋ ಪಿಚರ್‌ಗಳು ಮಂಕಾಗಿ ಹೋದ್ರು, ಇವನು ಆ ವರ್ಷಾನೇ 34 ಗೆದ್ದ. ಸ್ಪೀಡ್ ಒಂದನ್ನೇ ನಂಬದೆ ನಿಧಾನದ ಬಾಲ್, ಕರ್ವ್, ಕೈ ಬೇರೆ ಬೇರೆ ಕೋನದಿಂದ ಬಿಡೋದು, ಎಲ್ಲಾ ಕಲ್ತ. ಎಲ್ಲಕ್ಕಿಂತ ಮೇಲೆ ಗುರಿ.

1899ರ ಕಥೆಯೂ ಇಲ್ಲೇ ಹೇಳ್ಬಿಡ್ತೀನಿ. ರಾಬಿಸನ್‌ಗೆ ಸೇಂಟ್ ಲೂಯಿಸ್ ಟೀಮೂ ಸಿಕ್ತು, ಆಗ ಒಬ್ಬನೇ ಎರಡು ಟೀಮ್ ಇಟ್ಕೋಬಹುದಿತ್ತು. ಯಂಗ್, ಜೆಸ್ಸಿ ಬರ್ಕೆಟ್ ತರದ ಒಳ್ಳೊಳ್ಳೆ ಆಟಗಾರರನ್ನೆಲ್ಲಾ ಅಲ್ಲಿಗೆ ಸಾಗಿಸ್ಬಿಟ್ಟ. ಉಳಿದ ಸ್ಪೈಡರ್ಸ್ ಆ ವರ್ಷ 20 ಗೆದ್ದು 134 ಸೋತ್ರು, ಅಷ್ಟು ಕೆಟ್ಟ ಟೀಮ್ ಆ ಲೆವೆಲಲ್ಲಿ ಮತ್ತೆ ಬಂದಿಲ್ಲ, ಮಾರನೇ ವರ್ಷ ಟೀಮೇ ಇಲ್ಲ. ಮ್ಯೂಸಿಯಂನಲ್ಲಿ ನಾವು ಇದನ್ನೇ ಮಾತಾಡ್ತಾ ನಿಂತಿದ್ದು ಕೇಳಿ ಒಬ್ಬ ಲೋಕಲ್ ಅಜ್ಜ ಈಗ ತಾನೇ ಆದ ಅನ್ಯಾಯ ಅನ್ನೋ ಹಾಗೆ ತಲೆ ಆಡಿಸ್ದ.

ಶನಿವಾರ: ದಾರಿ

ಇಡೀ ದಿನ ಡ್ರೈವಿಂಗ್. ಎರಿ, ಬಫಲೋ, ಸಿರಾಕ್ಯೂಸ್, ಒಂದೇ ಹೈವೇ, ಎರಡೂ ಕಡೆ ಮರ. ನಯಾಗರಾ ಬೋರ್ಡ್ ಬಂತು, ಬಂದವರನ್ನೆಲ್ಲಾ ಕರ್ಕೊಂಡು ಹೋಗಿ ಹೋಗಿ ಭಾವಂಗೆ ಅದರ ಹೆಸರು ಕೇಳಿದ್ರೇ ಆಗಲ್ಲ.

ಕಾರಲ್ಲಿ ವಾದ ಮುಂದುವರೀತು. ಆ ಕಾಲದಲ್ಲಿ ಎಲ್ಲರೂ ಜಾಸ್ತಿ ಎಸೀತಿದ್ರು ಅಂದ್ರೆ ಎಲ್ಲರಿಗೂ 511 ಯಾಕೆ ಬರ್ಲಿಲ್ಲ ಅಂತ ಹುಡುಗನ ಪ್ರಶ್ನೆ. ಲಾಯರ್ ಆಗ್ಬೇಕು ಇವನು. ಓಲ್ಡ್ ಹಾಸ್ ರ್‍ಯಾಡ್‌ಬರ್ನ್ 1884ರಲ್ಲಿ ಪ್ರಾವಿಡೆನ್ಸ್ ಟೀಮಿಗೆ 59 ಆಟ ಗೆದ್ದ, 60 ಅಂತ್ಲೂ ಲೆಕ್ಕ ಹಾಕೋರಿದಾರೆ, ಒಂದೇ ವರ್ಷದಲ್ಲಿ! ಬೆಳಗ್ಗೆ ಎದ್ರೆ ತಲೆ ಬಾಚ್ಕೊಳ್ಳೋಕೂ ಕೈ ಎತ್ತೋಕೆ ಆಗ್ತಿರ್ಲಿಲ್ಲ ಅಂತ ಕಥೆ, 1891ಕ್ಕೆ ಆಟ ಮುಗೀತು, 42 ವರ್ಷಕ್ಕೆ ಸತ್ತೂ ಹೋದ. ಯಂಗ್ ಮಾಡಿದ್ದೇ ಬೇರೆ. ತೋಳಲ್ಲಿ ಇಷ್ಟೇ ಬಾಲ್ ಅಂತ ಇರ್ತಾವೆ, ಸುಮ್ನೆ ಖರ್ಚು ಮಾಡ್ಬಾರ್ದು ಅನ್ನೋದು ಅವನ ನಂಬಿಕೆ, ಆಟಕ್ಕೆ ಮುಂಚೆ ವಾರ್ಮಪ್ ಅಂತ ನಾಲ್ಕು ಬಾಲ್ ಎಸೆದ್ರೆ ಹೆಚ್ಚು. ಆಟದಲ್ಲೂ ಅಷ್ಟೆ. ನಾಲ್ಕು ಬಾಲ್ ಗುರಿ ಹೊರಗೆ ಹೋದ್ರೆ ಬ್ಯಾಟ್ಸ್‌ಮನ್ ಪುಕ್ಕಟೆ ಫಸ್ಟ್ ಬೇಸಿಗೆ ಹೋಗ್ತಾನೆ, ಅದನ್ನ ವಾಕ್ ಅಂತಾರೆ. 1904ರಲ್ಲಿ ಯಂಗ್ 380 ಇನಿಂಗ್ಸ್ ಎಸೆದು ಕೊಟ್ಟಿದ್ದು ಬರೀ 29 ವಾಕ್. ನಮ್ಮ ಕುಂಬ್ಳೆ ತರ, ಬಾಲ್ ಮಾರುದ್ದ ತಿರುಗಿಸಿ ಚಪ್ಪಾಳೆ ಗಿಟ್ಟಿಸೋ ಚಪಲ ಇಲ್ಲ, ಬೇಕಾದ ಜಾಗಕ್ಕೆ ಬೇಕಾದಷ್ಟು ಸಲ ಹಾಕೋದು, ನಾಳೆ ಮತ್ತೆ ಬರೋದು. ಅಷ್ಟು ಹೇಳಿದ್ಮೇಲೆ ಭಾವಂಗೆ ಮೊದಲ ಸಲ ಈ ಟ್ರಿಪ್ಪಲ್ಲಿ ಉತ್ಸಾಹ ಬಂತು, ಮುಂದಿನ ನೂರು ಮೈಲಿ ಕುಂಬ್ಳೆ ದಿಲ್ಲಿ ಹತ್ತು ವಿಕೆಟ್ ಬಗ್ಗೆನೇ ಮಾತು, ಹುಡುಗ ಹೆಡ್‌ಫೋನ್ ಹಾಕ್ಕೊಂಡ.

ಭಾನುವಾರ: ಕೂಪರ್ಸ್‌ಟೌನ್

ಕೆರೆ ದಂಡೆ ಊರು, ಒಂದು ಮುಖ್ಯ ಬೀದಿ, ಬೀದಿ ತುಂಬಾ ಬ್ಯಾಟು, ಟೋಪಿ, ಕಾರ್ಡ್ ಅಂಗಡಿ. ಏಬ್ನರ್ ಡಬಲ್‌ಡೇ ಅನ್ನೋ ಸೈನ್ಯದ ಆಫೀಸರ್ 1839ರಲ್ಲಿ ಬೇಸ್‌ಬಾಲ್ ಕಂಡು ಹಿಡಿದಿದ್ದು ಇದೇ ಊರಲ್ಲಿ ಅಂತ ನಂಬಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇಲ್ಲಿ ಕಟ್ಟಿದ್ರು. ಅದು ಶುದ್ಧ ಸುಳ್ಳು ಅಂತ ಈಗ ಎಲ್ಲರಿಗೂ ಗೊತ್ತು, ಆದ್ರೂ ಊರು ಮೆರೀತಿದೆ. ನಮ್ಮ ಕಡೆ ಸ್ಥಳ ಪುರಾಣಗಳನ್ನ ಕೇಳಿ ಬೆಳೆದೋರಿಗೆ ಇದೇನೂ ಹೊಸದಲ್ಲ ಬಿಡಿ.

ಓಟಲ್ಲಿ ಆಯ್ಕೆ ಆದೋರ ಫಲಕ ಇರೋ ಪ್ಲಾಕ್ ಗ್ಯಾಲರಿ ದೇವಸ್ಥಾನದ ಪ್ರಾಂಗಣ ಇದ್ದ ಹಾಗಿದೆ, ಜನ ತಾವಾಗೇ ದನಿ ತಗ್ಗಿಸ್ತಾರೆ. ಸೈ ಯಂಗ್ ಕಂಚಿನ ಫಲಕದ ಮುಂದೆ ನಿಂತ್ವಿ. ಬೇಸ್‌ಬಾಲಿನ ಮೊದಲ ನೂರು ವರ್ಷದಲ್ಲಿ 500 ಗೆದ್ದ ಒಬ್ಬನೇ ಪಿಚರ್ ಅಂತ ಇದೆ, 511 ಇದೆ, ಒಂದೂ ಹಿಟ್ ಕೊಡದ ಮೂರು ಆಟ ಇದೆ. 315? ಇಲ್ಲ.

ಇನ್ನೊಂದು ಗೊತ್ತಾ, ಮೊದಲನೇ ವರ್ಷ 1936ರಲ್ಲಿ ಇವನು ಆಯ್ಕೆನೇ ಆಗ್ಲಿಲ್ಲ! ಕಾಬ್, ರೂತ್, ವ್ಯಾಗ್ನರ್, ಮ್ಯಾಥ್ಯೂಸನ್, ಜಾನ್ಸನ್ ಐದು ಜನ ಆದ್ರು. ಯಂಗ್ ಅರ್ಧ ಆಡಿದ್ದು ಹಳೇ ಶತಮಾನ, ಅರ್ಧ ಹೊಸದು, ಹಳಬರ ಪಟ್ಟೀಲೂ ಹೊಸಬರ ಪಟ್ಟೀಲೂ ಓಟು ಹಂಚಿ ಹೋಗಿ ಎರಡು ಕಡೆಯಿಂದ್ಲೂ ಬಿದ್ದ. ಮಾರನೇ ವರ್ಷ 201 ಓಟಲ್ಲಿ 153 ಬಂತು, ಬೇಕಾಗಿದ್ದು 151. ಅಂದ್ರೆ ಎರಡು ಓಟಿನ ಅಂತರ. ಪಂಚಾಯ್ತಿ ಎಲೆಕ್ಷನ್ನಲ್ಲೂ ಇದಕ್ಕಿಂತ ಆರಾಮಾಗಿ ಗೆಲ್ತಾರೆ. 1939ರ ಜೂನಲ್ಲಿ ಮ್ಯೂಸಿಯಂ ಓಪನ್ ಆದಾಗ ಬದುಕಿದ್ದ ದೊಡ್ಡವರೆಲ್ಲಾ ಬಂದು ಸಾಲಾಗಿ ಕೂತು ನಿಂತು ತೆಗೆಸ್ಕೊಂಡ ಫೋಟೋ ಇದೆ, ಟೈ ಕಾಬ್ ಲೇಟಾಗಿ ಬಂದು ಫೋಟೋ ತಪ್ಪಿಸ್ಕೊಂಡ. ಅದರಲ್ಲಿ ಯಂಗ್ ಮುಖ ನೋಡಿ, ಮದುವೆ ಮನೇಲಿ ಊಟಕ್ಕೆ ಕಾಯ್ತಿರೋ ಹಿರೀಕರ ಮುಖ. ಭಾರೀ ಆಳು, ಶಾಂತ. ಪಕ್ಕದಲ್ಲಿ ಬೇಬ್ ರೂತ್ ತರದ ಥಳುಕಿನೋರು ಇರೋವಾಗ ಇವನ ಕಡೆ ಕಣ್ಣು ಹೋಗೋದೇ ಇಲ್ಲ. ಓಟು ಕಮ್ಮಿ ಬಿದ್ದಿದ್ದಕ್ಕೆ ಇದೂ ಒಂದು ಕಾರಣ ಇದ್ರೂ ಇರಬಹುದು ಅಂತ ನಂಗೆ ಅನ್ನಿಸ್ತು.

ಹುಡುಗ ಗಿಫ್ಟ್ ಶಾಪಲ್ಲಿ ಒಂದು ಗಂಟೆ. ನಾವಿಬ್ರೂ ಹೊರಗೆ ಬೆಂಚ್ ಮೇಲೆ ಅವಲಕ್ಕಿ.

ಸೋಮವಾರ: ಬಾಸ್ಟನ್

ನಾಲ್ಕು ಗಂಟೆ ಡ್ರೈವ್ ಅಂತ ಮ್ಯಾಪ್ ಹೇಳಿದ್ದು ಸಿಟಿ ಒಳಗೆ ಬಂದ್ಮೇಲೆ ಐದೂವರೆ ಆಯ್ತು. ಕಾರ್ ಹೋಟೆಲಲ್ಲಿ ಬಿಟ್ಟು ಟ್ರೈನ್ ಹಿಡಿದು ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಗೆ ಹೋದ್ವಿ. ಈಗ ಕ್ಲಾಸ್‌ರೂಮು, ಜಿಮ್ಮು, ಬ್ಯಾಗ್ ಹಾಕ್ಕೊಂಡು ಓಡಾಡೋ ಸ್ಟೂಡೆಂಟ್ಸ್ ಇರೋ ಜಾಗಾನೇ ಹಂಟಿಂಗ್ಟನ್ ಅವೆನ್ಯೂ ಗ್ರೌಂಡ್ಸ್. 1901ರಲ್ಲಿ ಹೊಸ ಅಮೆರಿಕನ್ ಲೀಗ್ ಹುಟ್ಟಿ ಜಾಸ್ತಿ ಸಂಬಳ ಕೊಡ್ತೀವಿ ಅಂದಾಗ ಯಂಗ್ ಸೇಂಟ್ ಲೂಯಿಸ್ ಬಿಟ್ಟು ಬಾಸ್ಟನ್‌ಗೆ ಬಂದ. ಆಗ 34 ವರ್ಷ, ಮುಗೀತು ಕಥೆ ಅಂದೋರಿದ್ರು. ಬಂದ ವರ್ಷ 33 ಗೆಲುವು, ಮಾರನೇ ವರ್ಷ 32.

ಎರಡು ಬಿಲ್ಡಿಂಗ್ ಮಧ್ಯೆ ಮರದ ನೆರಳಲ್ಲಿ ಅವನ ಕಂಚಿನ ಪ್ರತಿಮೆ, 1993ರಲ್ಲಿ ಇಟ್ಟಿದ್ದು. ಹಳೇ ಪಿಚರ್ ದಿಬ್ಬ ಇದ್ದ ಜಾಗ ಇದು. ಬಾಗಿ, ಮುಂದೆ ಕಣ್ಣು ಕಿರಿದು ಮಾಡಿ ಕ್ಯಾಚರ್ ಸಿಗ್ನಲ್ ನೋಡ್ತಾ ಇದಾನೆ. ಸರಿಯಾಗಿ 60 ಅಡಿ 6 ಇಂಚು ಮುಂದೆ ನೆಲದಲ್ಲಿ ಹೋಮ್ ಪ್ಲೇಟ್ ಕಲ್ಲು. ಯಾರೋ ಹುಡುಗಿ ಆ ಕಲ್ಲಿನ ಮೇಲೆ ನಿಂತು ಫೋನಲ್ಲಿ ಜಗಳ ಆಡ್ತಿದ್ಲು, ಮುಗಿಯೋ ತನಕ ಯಂಗೂ ನಾವೂ ಕಾದ್ವಿ.

ಇಲ್ಲೇ 1903ರ ಅಕ್ಟೋಬರ್ 1ಕ್ಕೆ ಮೊದಲನೇ ವರ್ಲ್ಡ್ ಸೀರೀಸ್, ಅಂದ್ರೆ ಎರಡು ಲೀಗಿನ ಚಾಂಪಿಯನ್‌ಗಳ ಫೈನಲ್, ಶುರುವಾಗಿದ್ದು, ಆ ಸೀರೀಸ್‌ನ ಮೊಟ್ಟ ಮೊದಲ ಬಾಲ್ ಎಸೆದಿದ್ದು ಯಂಗ್. ಮತ್ತೆ ಆ ಆಟ? ಪಿಟ್ಸ್‌ಬರ್ಗ್ 7, ಬಾಸ್ಟನ್ 3. ಮೊದಲ ಇನಿಂಗ್ಸಲ್ಲೇ ನಾಲ್ಕು ರನ್ ಹೊಡೆಸ್ಕೊಂಡ. "ಲೆಕ್ಕಕ್ಕೆ ಹಾಕ್ಲಾ ಮಾಮ?" ಅಂದ ಹುಡುಗ. ಬೇಡ, 315ರಲ್ಲಿ ಇದು ಬರಲ್ಲ, ವರ್ಲ್ಡ್ ಸೀರೀಸ್ ಲೆಕ್ಕ ಬೇರೆ. ಅಂದ್ರೆ ಸೋಲು ಇನ್ನೂ ಒಂದು ಜಾಸ್ತಿನೇ. ಮೂರನೇ ಆಟದ ದಿನ ಅವನ ಸರದಿ ಇರ್ಲಿಲ್ಲ, ಆಫೀಸಲ್ಲಿ ಟಿಕೆಟ್ ದುಡ್ಡು ಎಣಿಸೋಕೆ ಸಹಾಯ ಮಾಡ್ತಾ ಕೂತಿದ್ನಂತೆ, ಟೀಮಿನ ಪಿಚರ್ ಎಡವಟ್ಟು ಮಾಡ್ಕೊಂಡಾಗ ಓಡಿ ಬಂದು ಯೂನಿಫಾರಂ ಹಾಕ್ಕೊಂಡು ಎಸೆದ. ಕೊನೆಗೆ ಒಂಬತ್ತರಲ್ಲಿ ಐದು ಮೊದಲು ಗೆದ್ದೋರಿಗೆ ಅನ್ನೋ ಆ ಸೀರೀಸ್‌ನ ಬಾಸ್ಟನ್ 5-3ರಲ್ಲಿ ಗೆದ್ರು, ಯಂಗ್ ಎರಡು, ಬಿಲ್ ಡಿನೀನ್ ಮೂರು.

ಮಾರನೇ ವರ್ಷ ಮೇ 5, ಇದೇ ಮೈದಾನ, ಎದುರಿಗೆ ಫಿಲಡೆಲ್ಫಿಯಾ, ಅವರ ಪಿಚರ್ ಬಾಯಿಬಡುಕ ರೂಬ್ ವ್ಯಾಡೆಲ್. ಯಂಗ್ 27 ಜನರನ್ನ ಸಾಲಾಗಿ ಔಟ್ ಮಾಡ್ದ, ಒಬ್ಬನೂ ಫಸ್ಟ್ ಬೇಸ್ ಮುಟ್ಟಲಿಲ್ಲ, 60 ಅಡಿ 6 ಇಂಚಿನ ಹೊಸ ದೂರದಿಂದ ಆದ ಮೊದಲ ಪರ್ಫೆಕ್ಟ್ ಗೇಮ್ ಇದು. 27ನೇಯವನು ಯಾರು ಅಂದ್ರೆ ವ್ಯಾಡೆಲ್ಲೇ! ಮೇಲಕ್ಕೆ ಹೊಡೆದು ಕ್ಯಾಚ್ ಕೊಟ್ಟ. ಭಾವ ಹೋಮ್ ಪ್ಲೇಟ್ ಹಿಂದೆ ಮೊಣಕಾಲು ಕಟಕಟ ಅನ್ನಿಸ್ತಾ ಕ್ಯಾಚರ್ ಆಗಿ ಕೂತ್ರು, ಹುಡುಗ ಪ್ರತಿಮೆ ಪಕ್ಕ ನಿಂತು ಎಸೆದ. ಮೊದಲನೇದು ಪೊದೆಗೆ ಹೋಯ್ತು. ಲಿಟ್ಲ್ ಲೀಗಲ್ಲಿ ಅವರು ಎಸೆಯೋದು 46 ಅಡಿಯಿಂದ, ಇಲ್ಲಿ ಹತ್ತಿರ ಹತ್ತಿರ 15 ಅಡಿ ಜಾಸ್ತಿ. ಆಮೇಲೆ ಒಂದು ನೇರ ಗ್ಲೌಸಿಗೆ ಬಿತ್ತು, ಹೋಗ್ತಿದ್ದ ಸ್ಟೂಡೆಂಟ್ಸ್ ಇಬ್ರು ಕೈ ತಟ್ಟಿದ್ರು, ಅವನ ಮುಖ ನೋಡ್ಬೇಕಿತ್ತು.

ಸಂಜೆ ರೈಲ್ವೆ ಹಳಿ ದಾಟಿ ರಗಲ್ಸ್ ಸ್ಟೇಷನ್ ಕಡೆ ಬಂದ್ವಿ. ಇಲ್ಲಿದ್ದಿದ್ದು ಸೌತ್ ಎಂಡ್ ಗ್ರೌಂಡ್ಸ್, ಬಾಸ್ಟನ್‌ನ ಇನ್ನೊಂದು ಟೀಮಿನ ಮೈದಾನ. 1908ರ ಸೀಸನ್ ಆದ್ಮೇಲೆ ಯಂಗ್‌ನ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಬಾಸ್ಟನ್ ಇಬ್ರು ಆಟಗಾರರು ಮತ್ತು 12,500 ಡಾಲರ್ ತಗೊಂಡಿತ್ತು, ಅಲ್ಲಿಂದ 1911ರ ಮಧ್ಯದಲ್ಲಿ ವಾಪಸ್ ಬಂದಿದ್ದು ಹಳಿಯ ಈ ಕಡೆಗೆ. 44 ವರ್ಷ, ಹೊಟ್ಟೆ ಬಂದಿತ್ತು. ಬ್ಯಾಟ್ಸ್‌ಮನ್‌ಗಳಿಗೆ ಅದು ಗೊತ್ತಾಗಿ ಬಾಲನ್ನ ಸುಮ್ನೆ ಬ್ಯಾಟಿಂದ ಮುಟ್ಟಿ ಮುಂದೆನೇ ಬೀಳಿಸ್ತಿದ್ರು, ಬಗ್ಗಿ ಎತ್ಕೊಳ್ಳೋಕೆ ಇವನಿಗೆ ಆಗ್ತಿರ್ಲಿಲ್ಲ. ತೋಳು ಚೆನ್ನಾಗೇ ಇತ್ತು, ಹೊಟ್ಟೆ ಕೈ ಕೊಡ್ತು! ಆದ್ರೂ ಸೆಪ್ಟೆಂಬರ್ 22ಕ್ಕೆ ಪಿಟ್ಸ್‌ಬರ್ಗ್ ಮೇಲೆ 1-0, ಅದೇ 511ನೇದು. ಅಲ್ಲಿಗೆ ನಿಲ್ಲಿಸ್ಬಹುದಿತ್ತು, ನಿಲ್ಲಿಸ್ಲಿಲ್ಲ, ಅಕ್ಟೋಬರ್ ಮೊದಲ ವಾರದ ತನಕ ಎಸೆದು ಕೊನೆ ಆಟದಲ್ಲಿ ಚೆನ್ನಾಗಿ ಚಚ್ಚಿಸ್ಕೊಂಡು, 315ನೇದನ್ನೂ ಪೂರ್ತಿ ಮಾಡಿ, ಪಿಯೋಲಿಗೆ ಆಲೂಗಡ್ಡೆ ಬೆಳೆಯೋಕೆ ಹೋದ.

ಭಾವ ತಮ್ಮ ಹೊಟ್ಟೆ ಸವರ್ಕೊಂಡು ಏನೂ ಮಾತಾಡ್ಲಿಲ್ಲ. ರಾತ್ರಿ ಊಟಕ್ಕೆ ಮಾತ್ರ ದೋಸೆ ಸಿಗೋ ಹೋಟೆಲ್ಲೇ ಬೇಕು ಅಂತ ಹಟ ಹಿಡಿದು ನಮ್ಮನ್ನ ಎರಡು ಟ್ರೈನ್ ಬದಲಾಯಿಸ್ಕೊಂಡು ಕರ್ಕೊಂಡು ಹೋದ್ರು.